ಬಲಭುಜದ ಹೂವು

ನಮ್ಮ ಮನೆಯಲ್ಲಿ ಮೊದಲು ಮಗ್ಗದ ಗುಂಡಿ ತೋಡಿ, ಆಮೇಲೆ ಅದರ ಸುತ್ತ ಗೋಡೆ ಎಬ್ಬಿಸಿದರಂತೆ. ಅಪ್ಪ ಇದನ್ನು ದೊಡ್ಡಸ್ತಿಕೆಯ ಮಾತಿನಂತೆ ಹೇಳಿಕೊಳ್ಳುತ್ತಿದ್ದ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಮನುಷ್ಯರಿಗೆಂದು ಕಟ್ಟಿದ್ದರೆ ಕಾಲು ಚಾಚಲು ಒಂದು ಮೂಲೆಯನ್ನಾದರೂ ಬಿಡುತ್ತಿದ್ದರು. ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಹೆಚ್ಚಿನ ಮನೆಗಳ ಕಥೆ ಇಷ್ಟೇ: ಉದ್ದನೆಯ ಒಂದು ಕೋಣೆ, ನಡುವೆ ಮಗ್ಗ, ಮಗ್ಗದಡಿ ಗುಂಡಿ. ನೇಯುವವನು ಗುಂಡಿಯ ಅಂಚಿನಲ್ಲಿ ಕೂತು ಕಾಲು ಕೆಳಗಿಳಿಸಿ ಹಲಗೆ ತುಳಿಯುತ್ತಾನೆ, ಮೇಲೆ ಕೈಯಲ್ಲಿ ಲಾಳಿ ಆಡಿಸುತ್ತಾನೆ. ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು, ಓದುತ್ತಿದ್ದೆವು, ಜಗಳವಾಡುತ್ತಿದ್ದೆವು. ಗೋಡೆಯ ಗೂಡಿನಲ್ಲಿ ಚೌಡಮ್ಮನ ಹಿತ್ತಾಳೆಯ ಮೂರ್ತಿ, ಗೇಣುದ್ದದ್ದು. ಅವಳ ಕಣ್ಣು ನೇರ ಮಗ್ಗದ ಮೇಲೆ. ನಮ್ಮಲ್ಲಿ ಬೈಗುಳವೆಲ್ಲ ತೆಲುಗಿನಲ್ಲಿ, ದೇವರ ಹತ್ತಿರ ಬೇಡಿಕೊಳ್ಳುವುದೆಲ್ಲ ಕನ್ನಡದಲ್ಲಿ. ಯಾಕೆ ಹಾಗೆ ಎಂದು ಯಾರೂ ಕೇಳಿದವರಲ್ಲ.

ಆ ಕೋಣೆಯೊಳಗೆ ಎಣ್ಣೆಗೆ ಪ್ರವೇಶವಿರಲಿಲ್ಲ. ರೇಷ್ಮೆಗೆ ಒಂದು ಹನಿ ಜಿಡ್ಡು ತಾಗಿದರೆ ಸೀರೆ ಕೆಟ್ಟಿತೆಂದೇ ತಿಳಿ. ಅದಕ್ಕೇ ಒಲೆ ಹಿತ್ತಲಲ್ಲಿತ್ತು, ಊಟ ಹಿತ್ತಲ ಮೆಟ್ಟಿಲ ಮೇಲೆ. ಒಗ್ಗರಣೆ ಹಾಕುವಾಗ ಹಿಂಬಾಗಿಲು ಮುಚ್ಚಬೇಕು. ಹುರಿದ ಶೇಂಗಾ ತಿಂದವರು ಸೀಗೆಪುಡಿಯಲ್ಲಿ ಕೈ ತಿಕ್ಕಿ ತೊಳೆದು, ಅವ್ವನ ಮೂಗಿಗೆ ಹಿಡಿದು, ಅವಳು ತಲೆಯಾಡಿಸಿದ ಮೇಲೆ ಒಳಗೆ ಕಾಲಿಡಬೇಕು. ಅವ್ವ ನಮ್ಮ ಮನೆಯ ಚೆಕ್‌ಪೋಸ್ಟು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ರೇಷ್ಮೆ ಎಳೆ, ಇಲ್ಲದ ದಿನ ಮಾತ್ರ ಅವಳು ನಮ್ಮನ್ನು ಆ ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಮೊದಲು ಅಣ್ಣನಿಗೆ, ಆಮೇಲೆ ನನಗೆ. ಮುದ್ದೆ ಬಡಿಸುವಾಗಲೂ ಅದೇ ಸರದಿ. ಅಣ್ಣನ ಮುದ್ದೆಗೆ ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಡುತ್ತಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ಚಮಚ ಒರೆಸಿದ ವಾಸನೆ ಉಳಿದಿರುತ್ತಿತ್ತು. ದೊಡ್ಡವನು, ಎತ್ತರದವನು, ಅವನಿಗೆ ಹಸಿವು ಹೆಚ್ಚು ಅಂತ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮಕ್ಕಳು ಇಂಥದ್ದಕ್ಕೆಲ್ಲ ಕಾರಣ ಹುಡುಕಿಕೊಳ್ಳುವುದರಲ್ಲಿ ಬಲು ಚುರುಕು.

ನನ್ನ ಅಣ್ಣನ ಹೆಸರು ಓಬಳೇಶ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ನಮ್ಮೂರ ಸೀರೆಯಲ್ಲಿ ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆ. ಅದನ್ನು ನೇಯಲು ಒಬ್ಬನ ಕೈ ಸಾಲದು. ಅಪ್ಪ ಗುಂಡಿಯಲ್ಲಿ ಕೂತರೆ, ಮನೆಯ ಇನ್ನೊಬ್ಬರು ಅವನ ಪಕ್ಕ ನೆಲದ ಮೇಲೆ ಕೂತು ಅಂಚಿನ ಲಾಳಿಯನ್ನು ಸರಿಯಾದ ಹೊತ್ತಿಗೆ ತೂರಿಸಬೇಕು. ಶಾಲೆಗೆ ಮುಂಚೆ ಅಣ್ಣ, ಶಾಲೆ ಬಿಟ್ಟ ಮೇಲೆ ನಾನು, ನಡುವೆ ಅವ್ವ. ಅಣ್ಣ ಕೂತಾಗ ಅಪ್ಪ ಬಾಯಿ ತೆರೆಯುತ್ತಿರಲಿಲ್ಲ. ನಾನು ಕೂತೆನೆಂದರೆ ಶುರು. ನನಗೆ ತಲೆಯೆತ್ತಿ ಬಾಗಿಲಾಚೆ ನೋಡುವ ಚಟ. ಯಾರು ಹೋದರು, ಯಾರು ಬಂದರು, ನಾಯಿ ಯಾಕೆ ಬೊಗಳಿತು. ಅಷ್ಟರಲ್ಲಿ ಅಪ್ಪನ ಕಾಲು ಹಲಗೆ ಒತ್ತಿಯಾಗಿರುತ್ತಿತ್ತು, ನನ್ನ ಲಾಳಿ ಇನ್ನೂ ಕೈಯಲ್ಲೇ ಇರುತ್ತಿತ್ತು.

"ಏಮಿರಾ, ಎಕ್ಕಡ ಚೂಸ್ತುನ್ನಾವು? ಅಲ್ಲಿ ಏನ್ ನಿಮ್ಮ ಮಾವನ ದಿಬ್ಬಣ ಹೊಂಟೈತಾ? ಅಂಚು ನೋಡು, ಸಡಿಲ ಬಿದ್ದೈತೆ. ಇದನ್ನ ಉಟ್ಟೋಳು ಉಗೀತಾಳೆ."

ಹೀಗೆ ಬೈಸಿಕೊಂಡು ಬೆಳೆದೆ. ಮುಂದೆ ಮೈದಾನದಲ್ಲಿ ನನಗೆ ಅನ್ನ ಕೊಟ್ಟದ್ದು ಅದೇ ಚಟ, ತಲೆಯೆತ್ತಿ ನಾಲ್ಕೂ ಕಡೆ ನೋಡುವುದು. ಆದರೆ ಮನೆಯೊಳಗೆ ಅದು ದೋಷವೇ.

ಫುಟ್‌ಬಾಲ್ ನಮ್ಮ ಊರಿಗೆ ಬಂದದ್ದು ಜೋಸೆಫ್ ಮೇಷ್ಟ್ರ ಟ್ರಂಕಿನಲ್ಲಿ. ಅವರು ಭದ್ರಾವತಿ ಕಡೆಯವರು, ನಮ್ಮ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದರು. ಬೆಟ್ಟದ ಬುಡದ ಬಯಲಿನಲ್ಲಿ ಕಲ್ಲು ಆರಿಸಿ ಮೈದಾನ ಮಾಡಿದೆವು. ಕಲ್ಲು ಆರಿಸಬಹುದು, ಬಳ್ಳಾರಿ ಜಾಲಿಯ ಮುಳ್ಳನ್ನು ಏನು ಮಾಡುವುದು? ಚೆಂಡಿಗೂ ತೇಪೆ, ನಮ್ಮ ಅಂಗಾಲಿಗೂ ತೇಪೆ. ಬರಿಗಾಲಲ್ಲಿ ಆಡಿ ಮನೆಗೆ ಬಂದರೆ ಅವ್ವ ಅಣ್ಣನ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಬೆಳಕಿಗೆ ಹಿಡಿದು ಒಂದೊಂದೇ ಮುಳ್ಳು ತೆಗೆಯುತ್ತಿದ್ದಳು. ಬಾಯಲ್ಲಿ ಬೈಗುಳ ಮಾತ್ರ ನಿಲ್ಲುತ್ತಿರಲಿಲ್ಲ. ಮುಗಿದ ಮೇಲೆ ಪಿನ್ನನ್ನು ಒರೆಸಿ ನನ್ನ ಕೈಗೆ ಕೊಡುತ್ತಿದ್ದಳು.

"ನಿಂದು ನೀನೇ ಕಿತ್ಕಳಪ್ಪ, ನಂಗೆ ಒಲೆ ಮೇಲೆ ಸಾರೈತೆ."

ಅಣ್ಣನ ಆ ಎಡಗಾಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಆಮೇಲೆ ದಾವಣಗೆರೆ, ಹೊಸಪೇಟೆ, ಬಳ್ಳಾರಿ, ಹಿಂದೂಪುರ ಅಂತ ಎಷ್ಟೋ ಮೈದಾನ ಕಂಡಿದ್ದೇನೆ. ಅಂಥ ಕಾಲು ಕಂಡಿಲ್ಲ. ಚೆಂಡು ಅವನ ಹತ್ತಿರ ಬಂದರೆ ಸಾಕಿದ ಕರುವಿನ ಹಾಗೆ ನಿಲ್ಲುತ್ತಿತ್ತು. ಅವನು ಮುಂದೆ ಆಡುತ್ತಿದ್ದ, ನಾನು ನಡುವೆ. ಪೇಪರಿನವರು ಮಿಡ್‌ಫೀಲ್ಡರ್ ಎನ್ನುತ್ತಾರಲ್ಲ, ಆ ಜಾಗ. ನಮ್ಮಲ್ಲಿ ಸೆಂಟರ್ ಹಾಫ್ ಎನ್ನುತ್ತಿದ್ದೆವು. ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ಕೊಡುವುದು, ಅಷ್ಟೇ ಕೆಲಸ. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಎಲ್ಲಿ ಇರಬೇಕೋ ಅಲ್ಲಿರುತ್ತಿದ್ದ. ಮನೆಯಲ್ಲಿ ನನ್ನ ಲಾಳಿ ತಡವಾಗುತ್ತಿತ್ತು, ಮೈದಾನದಲ್ಲಿ ನನ್ನ ಚೆಂಡು ಒಮ್ಮೆಯೂ ತಡವಾಗಲಿಲ್ಲ. ಅಣ್ಣ ಇದನ್ನು ಹೇಳಿ ನಗುತ್ತಿದ್ದ.

ನಾನು ಹತ್ತನೇ ಕ್ಲಾಸು ಮುಗಿಸುವ ಹೊತ್ತಿಗೆ ಅಪ್ಪನ ಮಂಡಿಗಳು ಕೈಕೊಟ್ಟವು. ಗುಂಡಿಯ ತಂಪು, ದಿನವಿಡೀ ತುಳಿತ. ಊಟಕ್ಕೆ ಕರೆದರೆ ಅವನಾಗಿ ಏಳಲು ಆಗುತ್ತಿರಲಿಲ್ಲ. ನಾವಿಬ್ಬರೂ ಒಂದೊಂದು ಕಂಕುಳಿಗೆ ಕೈ ಹಾಕಿ, ಬಾವಿಯಿಂದ ಕೊಡ ಸೇದುವಂತೆ ಮೇಲೆತ್ತಬೇಕಿತ್ತು. ಅಪ್ಪ ಒಂದು ಸಲವೂ ನರಳಲಿಲ್ಲ. ನಮ್ಮ ಮುಖವನ್ನೂ ನೋಡುತ್ತಿರಲಿಲ್ಲ. ಆಸ್ಪತ್ರೆಯವರು ಇನ್ನು ಗುಂಡಿಗೆ ಇಳಿಯಕೂಡದು ಎಂದರು. ಅಂದರೆ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಇಳಿಯಬೇಕು, ಅವ್ವ ಪಕ್ಕ ಕೂತು ಅಂಚು ನೋಡಿಕೊಳ್ಳಬೇಕು. ಬೇರೆ ದಾರಿಯಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಚಳ್ಳಕೆರೆಯ ಒಬ್ಬ ಎಣ್ಣೆ ಮಿಲ್ಲಿನ ಸಾವ್ಕಾರರು ರಾಂಪುರದ ಪಂದ್ಯದಲ್ಲಿ ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಫುಟ್‌ಬಾಲ್ ಹುಚ್ಚು. ಮಿಲ್ಲಿನ ಹೆಸರಲ್ಲಿ ಒಂದು ಟೀಮು ಕಟ್ಟಿದ್ದರು. ಆಟಗಾರರಿಗೆ ಮಿಲ್ಲಿನಲ್ಲೇ ಕೆಲಸ, ಊಟ, ಮಲಗಲು ಜಾಗ. ಬೂಟು ಅವರದೇ. ಜೋಸೆಫ್ ಮೇಷ್ಟ್ರು ಈ ಸುದ್ದಿ ಹಿಡಿದುಕೊಂಡು ಮನೆಗೆ ಬಂದರು, ಚಪ್ಪಲಿ ಬಿಟ್ಟು, ಮಗ್ಗಕ್ಕೆ ಕೈ ಮುಗಿದು, ಅಪ್ಪನ ಎದುರು ಕೂತರು.

"ಯಜಮಾನ್ರೇ, ಇಬ್ಬರನ್ನೂ ಕಳಿಸಿಕೊಡಿ. ಆಗೋದಿಲ್ಲ ಅಂದ್ರೆ ದೊಡ್ಡವನನ್ನ ಕಳಿಸಿ. ಆ ಎಡಗಾಲು ದಿನಾ ಹುಟ್ಟೋದಿಲ್ಲ."

"ಮತ್ತೆ ಗುಂಡಿಗೆ ಯಾರಿಳೀತಾರೆ ಸಾರ್? ಚಿಕ್ಕೋನ ಕೈಯಾಗೆ ಅಂಚೇ ಕೂಡಲ್ಲ."

ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರಿಗೆ ನಾನು ಎರಡನೆಯವನು, ಅಪ್ಪನಿಗೂ ಎರಡನೆಯವನು. ಆಟಕ್ಕೂ ಅಣ್ಣನೇ ಬೇಕು, ಮಗ್ಗಕ್ಕೂ ಅಣ್ಣನೇ ಬೇಕು. ನನ್ನನ್ನೂ ಯಾರಾದರೂ ಒಂದು ಸಲ, ಒಂದೇ ಸಲ, ಇವನೇ ಬೇಕು ಎನ್ನಬಾರದೇ ಅನ್ನಿಸಿತು.

ಮನೆಯಲ್ಲಿ ವಾರವಿಡೀ ಜಗಳ. ಅಪ್ಪ ಒಂದು ದಿನ ದೊಡ್ಡವನು ಹೋಗಲಿ ಎನ್ನುವನು, ಮರುದಿನ ಹಾಸು ನೋಡಿ ಮನಸ್ಸು ಬದಲಿಸುವನು. ಅಣ್ಣ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ತೇಪೆ ಹಾಕುತ್ತ ಕೂತಿರುತ್ತಿದ್ದ, ತೇಪೆ ಬೇಡವಾದ ಕಡೆಯೂ. ಅವನಿಗೆ ಎಷ್ಟು ಆಸೆಯಿತ್ತೆಂದು ಕುರುಡನಿಗೂ ತಿಳಿಯುತ್ತಿತ್ತು. ಅವ್ವ ಆ ವಾರ ಯಾರ ಪರವಾಗಿಯೂ ಮಾತಾಡಲಿಲ್ಲ. ಕೊನೆಗೆ ಅಪ್ಪ ಗೂಡಿನ ಕಡೆ ಕೈ ತೋರಿಸಿದ.

"ನಂಗೆ ತಲೆ ಕೆಟ್ಟೋಯ್ತು. ತಾಯೀನೇ ಹೇಳ್ಲಿ. ಶುಕ್ರವಾರ ಹೂ ಕೇಳಾನ."

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ, ಬೋರು ಕೊರೆಸುವ ಮುಂಚೆ, ಊರು ಬಿಡುವ ಮುಂಚೆ ಹೂ ಕೇಳುತ್ತಾರೆ. ನೀರಿನಲ್ಲಿ ಅದ್ದಿದ ಕಣಗಿಲೆಯ ಎಸಳನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ, ಎದುರಿಗೆ ಕೈ ಮುಗಿದು ಕೂರುವುದು. ನೀರು ಆರುತ್ತ ಒಂದು ಎಸಳು ಬೀಳುತ್ತದೆ, ಅದೇ ಅಪ್ಪಣೆ. ಕೆಲವರು ಗಂಟೆಗಟ್ಟಲೆ ಕೂರುತ್ತಾರೆ. ಒಮ್ಮೆ ಬಿದ್ದ ಮೇಲೆ ಮಾತು ಮುಗಿಯಿತು, ಮತ್ತೆ ಕೇಳುವಂತಿಲ್ಲ.

ಶುಕ್ರವಾರ ಬೆಳಿಗ್ಗೆ ಮಗ್ಗ ನಿಲ್ಲಿಸಿದರು. ನಾವಿಬ್ಬರೂ ತಲೆಗೆ ನೀರು ಹಾಕಿಕೊಂಡು ಒದ್ದೆ ಟವೆಲಿನಲ್ಲೇ ಕೂತೆವು. ಅಪ್ಪ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದ. ಪೂಜೆ ಅವ್ವನದು. ಹಿತ್ತಲಿಂದ ತಟ್ಟೆಯಲ್ಲಿ ಎಸಳು ತಂದು, ನಮಗೆ ಬೆನ್ನು ಮಾಡಿ ನಿಂತು, ತಾಯಿಯ ಭುಜಗಳಿಗೆ ಅಂಟಿಸಿದಳು. ಅಪ್ಪ ಜೋರಾಗಿ ಕೇಳಿಕೊಂಡ.

"ತಾಯಿ, ಬಲಗಡೆ ಹೂ ಓಬಳೇಶಂದು, ಎಡಗಡೇದು ತಿಪ್ಪೇಶಂದು. ಯಾವ ಹೂ ಮೊದ್ಲು ಬೀಳ್ತೈತೋ ಅವ್ನ ನೀನು ಆಟಕ್ಕೆ ಕಳಿಸ್ದೆ ಅಂತ ತಿಳ್ಕಂತೀವಿ. ಉಳಿದೋನು ಮಗ್ಗಕ್ಕೆ."

ತಿಪ್ಪೇಶ ಎಂದರೆ ನಾನು. ಕೂತೆವು. ಓಣಿಯ ಬೇರೆ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು, ನಮ್ಮಲ್ಲಿ ಉಸಿರಿನ ಸದ್ದು ಬಿಟ್ಟರೆ ಬೇರೆಯಿಲ್ಲ. ನಾನು ಕಣ್ಣು ಮುಚ್ಚಿ ತಾಯಿ, ತಾಯಿ, ತಾಯಿ ಎಂದು ಅಷ್ಟೇ ಅನ್ನುತ್ತಿದ್ದೆ. ಏನು ಬೇಡಿಕೊಳ್ಳಬೇಕೆಂದು ಬಾಯಿಗೇ ಬರಲಿಲ್ಲ, ಅಣ್ಣ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದ. ಎಷ್ಟು ಹೊತ್ತಾಯಿತೋ. ಅಪ್ಪ ಗಂಟಲಲ್ಲಿ ಒಂದು ಸದ್ದು ಮಾಡಿದ. ಕಣ್ಣು ತೆರೆದೆ. ಎಡಭುಜದ ಎಸಳು ತಾಯಿಯ ಪಾದದ ಹತ್ತಿರ ಬಿದ್ದಿತ್ತು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಲಿಗೆ ಹೋದಳು. ಅಣ್ಣ ಎದ್ದ, ಬಿದ್ದ ಎಸಳನ್ನು ಎತ್ತಿ ನನ್ನ ಕಿವಿಗೆ ಸಿಕ್ಕಿಸಿದ.

"ಹೋಗಿ ಬಾರಲೇ. ನಂದೂ ಸೇರ್ಸಿ ಆಡು."

ನಾನು ಚಳ್ಳಕೆರೆಯ ಬಸ್ಸು ಹತ್ತಿದ್ದು ಒಂದು ವಾರದ ಮೇಲೆ. ಅಷ್ಟು ದಿನವೂ ಬಲಭುಜದ ಹೂ ಬೀಳಲಿಲ್ಲ. ನೀರು ಆರಿತು, ಎಸಳು ಬಾಡಿತು, ಒಣಗಿ ಕಪ್ಪಾಯಿತು, ಆದರೂ ತಾಯಿಯ ಹೆಗಲು ಬಿಡಲಿಲ್ಲ. ಅಪ್ಪ ಓಣಿಯವರನ್ನೆಲ್ಲ ಕರೆದು ತೋರಿಸಿದ. ಯಾರೂ ಮುಟ್ಟಬೇಡಿ ಅಂದ. ಹೆಂಗಸರು ಬಂದು ಗಲ್ಲ ಬಡಿದುಕೊಂಡರು. ದೊಡ್ಡ ಮಗನನ್ನು ತಾಯಿ ಹೇಗೆ ಹಿಡಿದುಕೊಂಡಿದ್ದಾಳೆ ನೋಡಿರಿ, ಮನೆ ಬಿಟ್ಟು ಹೋಗಬೇಡ ಅಂತಾಳೆ ಅಂದರು. ಅಷ್ಟರಲ್ಲಿ ಅಣ್ಣ ಗುಂಡಿಗೆ ಇಳಿದಿದ್ದ. ಅವರು ಹೂ ನೋಡುವಾಗ ಅವನು ತಲೆ ಎತ್ತುತ್ತಿರಲಿಲ್ಲ.

ಚಳ್ಳಕೆರೆ ಎಂದರೆ ಶೇಂಗಾ, ಶೇಂಗಾ ಎಂದರೆ ಎಣ್ಣೆ. ಎಣ್ಣೆ ಕಂಡರಾಗದ ಮನೆಯಿಂದ ಹೋದವನು ಎಣ್ಣೆಯಲ್ಲೇ ಮುಳುಗಿದೆ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಸಂಜೆಯವರೆಗೆ ಮೂಟೆ ತೂಗುವುದು, ಹಿಂಡಿ ಹೊರುವುದು, ಭಾನುವಾರ ಪಂದ್ಯ. ಪೂರ್ತಿ ಆಟಗಾರನೂ ಅಲ್ಲ, ಪೂರ್ತಿ ಕೂಲಿಯೂ ಅಲ್ಲ. ಗೆದ್ದ ವಾರ ಮೂಟೆ ಹಗುರ, ಸೋತ ವಾರ ಮೇಸ್ತ್ರಿಯ ನಾಲಿಗೆ ಉದ್ದ. ನಡುವಿನ ಜಾಗದಲ್ಲಿ ಆಡುವವನಿಗೆ ಹೆಸರು ಬರುವುದಿಲ್ಲ. ಗೋಲು ಹೊಡೆದವನನ್ನು ಹೊತ್ತು ಮೆರೆಸುತ್ತಾರೆ, ಅವನಿಗೆ ಚೆಂಡು ಕೊಟ್ಟವನು ಒಂದು ಕಡೆ ಕೂತು ಬೂಟಿನ ದಾರ ಬಿಚ್ಚುತ್ತಿರುತ್ತಾನೆ. ನನಗೆ ಬೇಸರವಿರಲಿಲ್ಲ. ನನ್ನನ್ನು ತಾಯಿಯೇ ಆರಿಸಿ ಕಳಿಸಿದ್ದಳಲ್ಲ. ಮೈದಾನಕ್ಕೆ ಇಳಿಯುವ ಮುಂಚೆ ಬಲಗೈಯಿಂದ ಎಡಭುಜ ಮುಟ್ಟಿಕೊಳ್ಳುವುದು ರೂಢಿಯಾಯಿತು. ಹೆಗಲ ಮೇಲೆ ಏನು ಗಿಣಿ ಕೂತೈತೇನಲೇ ಎಂದು ಟೀಮಿನವರು ಗೇಲಿ ಮಾಡುತ್ತಿದ್ದರು. ಮಾಡಿಕೊಳ್ಳಲಿ. ಎದುರಿನವನು ನನಗಿಂತ ದಪ್ಪ ಇರಲಿ, ಜೋರಿರಲಿ, ಆ ಜಾಗ ನನ್ನದೆಂದು ಅಪ್ಪಣೆಯಾಗಿದೆ ಎಂಬ ಧೈರ್ಯ ನನ್ನ ಬೆನ್ನೆಲುಬಿನಲ್ಲಿತ್ತು. ಅಷ್ಟು ವರ್ಷ ನಾನು ಆಡಿದ್ದು ಕಾಲಿನಿಂದಲ್ಲ, ಅದರಿಂದ.

ಮನೆಗೆ ಹೋದರೆ ಅವ್ವ ಹೊಸ್ತಿಲಲ್ಲೇ ತಡೆಯುತ್ತಿದ್ದಳು. ನನ್ನ ಬಟ್ಟೆ, ಕೂದಲು, ಚರ್ಮ ಎಲ್ಲ ಎಣ್ಣೆ ನಾರುತ್ತಿತ್ತು. ಸುತ್ತು ಹಾಕಿ ಹಿತ್ತಲಿಗೆ ಹೋಗಿ ಸ್ನಾನ ಮಾಡಿದರೂ ಅವಳ ಮೂಗು ಒಪ್ಪುತ್ತಿರಲಿಲ್ಲ.

"ಹಾಸು ಹಾಕೈತೆ ತಿಪ್ಪ, ಒಳಗ್ ಬರಬ್ಯಾಡ. ಅಲ್ಲೇ ಕುಂದ್ರು, ಮುದ್ದೆ ತರ್ತೀನಿ."

ಹಿತ್ತಲ ಮೆಟ್ಟಿಲ ಮೇಲೆ ಕೂತು ಉಂಡು, ಬಾಗಿಲ ಸಂದಿಯಲ್ಲಿ ಅಣ್ಣನ ಬೆನ್ನು ನೋಡಿ, ಬಸ್ಸಿಗೆ ಬರುತ್ತಿದ್ದೆ. ಅಣ್ಣನಂಥ ನೇಕಾರ ಓಣಿಯಲ್ಲೇ ಇಲ್ಲ ಎನ್ನುತ್ತಿದ್ದರು. ಅವನು ಚೆಂಡನ್ನು ಮತ್ತೆ ಮುಟ್ಟಲಿಲ್ಲ. ರಾಯದುರ್ಗದ ಕಡೆಯ ಹೆಣ್ಣು ತಂದು ಮದುವೆ ಮಾಡಿದರು. ಅತ್ತಿಗೆಗೆ ಅಂಚಿನ ಲಾಳಿ ಹಿಡಿಯಲು ಬರುತ್ತಿತ್ತು, ಆದರೆ ಅವ್ವ ಆ ಜಾಗ ಬಿಟ್ಟು ಏಳಲಿಲ್ಲ. ಅಣ್ಣನ ತಟ್ಟೆಗೆ ಬಡಿಸುವುದನ್ನೂ ಬಿಡಲಿಲ್ಲ. ಒಂದು ಹಬ್ಬಕ್ಕೆ ತವರಿಗೆ ಹೋದ ಅತ್ತಿಗೆ ಹಿಂದಿರುಗಲಿಲ್ಲ. "ನನಗೆ ಎಲ್ಲಿ ಕೂರಬೇಕು ಅಂತ ಗೊತ್ತಾಗಲಿಲ್ಲ ಮೈದುನ" ಎಂದು ಅವಳು ಆಮೇಲೆ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. ಅಣ್ಣ ಕುಡಿತ ಶುರು ಮಾಡಿದ್ದು ಅದಕ್ಕೆ ಮುಂಚೆಯೋ ಆಮೇಲೋ, ನನಗೆ ಸರಿಯಾಗಿ ತಿಳಿಯದು.

ಅವನು ನನ್ನ ಆಟ ನೋಡಲು ಬಂದದ್ದು ಒಂದೇ ಸಲ. ಚಳ್ಳಕೆರೆಯಲ್ಲೇ ಫೈನಲ್, ಎದುರಿಗೆ ಬಳ್ಳಾರಿಯವರು. ಮೊದಲರ್ಧದಲ್ಲಿ ನನ್ನನ್ನು ಹಣ್ಣು ಮಾಡಿಬಿಟ್ಟರು. ಕೊಟ್ಟ ಚೆಂಡೆಲ್ಲ ಅವರ ಕಾಲಿಗೇ ಹೋಗುತ್ತಿತ್ತು. ವಿರಾಮದಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅಣ್ಣ ಹಗ್ಗ ದಾಟಿ ಬಂದ. ಹಗಲಲ್ಲೇ ಹೆಂಡದ ವಾಸನೆ. ಎದುರು ಕುಕ್ಕರಗಾಲಲ್ಲಿ ಕೂತು ನನ್ನ ಬೂಟಿನ ದಾರ ಬಿಗಿ ಮಾಡಿದ.

"ನಿನ್ನ ಕಳಿಸಿದ್ದು ಯಾರಲೇ?"

"ಚೌಡಮ್ಮ."

"ಮತ್ತೆ ಇವರಿಗ್ಯಾಕೆ ಹೆದರ್ತೀಯ? ತಲೆ ಎತ್ತಿ ಆಡು. ತಾಯಿ ಕೊಟ್ಟ ಜಾಗ ಅದು, ಯಾವನೂ ಕಿತ್ಕಳಾಕಾಗಲ್ಲ."

ಎರಡನೇ ಅರ್ಧದಲ್ಲಿ ಆ ಮೈದಾನದಲ್ಲಿ ನಾನೊಬ್ಬನೇ ಇದ್ದೆ ಎನ್ನುವಂತೆ ಆಡಿದೆ. ಗೆದ್ದೆವು. ಕಪ್ಪಿನ ಗಲಾಟೆಯಲ್ಲಿ ಹುಡುಕಿದರೆ ಅಣ್ಣ ಇರಲಿಲ್ಲ, ಹಾಸು ಬಿಟ್ಟು ಬಂದೀನಿ ಎಂದು ಬಸ್ಸಿಗೆ ಹೋದನಂತೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಒಂದು ಹಾಳು ಮೈದಾನದಲ್ಲಿ ಬಲ ಮಂಡಿ ಕಲ್ಲಿಗೆ ಬಡಿದು ಸೀಳಿತು, ತಿರುಚಿತು. ಕಟ್ಟು ಹಾಕಿಸಿದೆ, ಪಟ್ಟಿ ಸುತ್ತಿಕೊಂಡು ಆಡಿದೆ, ಮತ್ತೆ ತಿರುಚಿತು. ಸಾವ್ಕಾರರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಟೀಮು ಬೇಡವಾಯಿತು. ಈಗ ಚಳ್ಳಕೆರೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಅಪ್ಪ ಎಂದೋ ಹೋದ. ಅಣ್ಣನ ಎಡ ಮಂಡಿ ಅಪ್ಪನದರಂತೆಯೇ ಊದಿಕೊಂಡಿತು. ಸಂಜೆ ಮಗ್ಗ ನಿಂತ ಮೇಲೆ ಅವ್ವ ಅವನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಎಣ್ಣೆಯ ಕೈ ತೊಳೆಯಲು ಅವಳಿಗೆ ಅರ್ಧ ಗಂಟೆ ಬೇಕಾಗುತ್ತಿತ್ತಂತೆ. ಕೊನೆಗೆ ಅಣ್ಣನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಬಳ್ಳಾರಿಯ ಆಸ್ಪತ್ರೆಯಿಂದ ಹೆಣವನ್ನೇ ತಂದೆವು. ಐವತ್ತೂ ತುಂಬಿರಲಿಲ್ಲ. ಮಗ್ಗದಲ್ಲಿ ಅರ್ಧ ಸೀರೆ ಇತ್ತು.

ಹನ್ನೊಂದನೇ ದಿನದ ಕಾರ್ಯ ನಾನೇ ಮಾಡಿದೆ. ನೆಂಟರು ಉಂಡು ಹೋದರು. ಸಂಜೆಗೆ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ ಉಳಿದು, ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಆ ಹನ್ನೊಂದು ದಿನ ಅವಳು ಅಳಲಿಲ್ಲ, ಯಾರ ಜೊತೆಯೂ ಮಾತಾಡಲಿಲ್ಲ. ನನಗೆ ಒಳಗಿನ ಗೂಡು ನೋಡಿದರೆ ಕೋಪ ಉಕ್ಕುತ್ತಿತ್ತು. ತಡೆಯಲಾಗಲಿಲ್ಲ.

"ಅವತ್ತು ಅವನ ಹೂ ಬಿದ್ದಿದ್ರೆ ಬದುಕಿರ್ತಿದ್ದ ಅವ್ವ. ಯಾಕ್ ಹಿಂಗ್ ಮಾಡಿದ್ಲು ಆ ತಾಯಿ?"

ಅವ್ವ ಹಿತ್ತಲ ಒಲೆಯ ಕಡೆ ನೋಡುತ್ತಿದ್ದಳು.

"ಅವಳನ್ನ ಬೈಬ್ಯಾಡ. ಅವಳೇನೂ ಮಾಡಿಲ್ಲ. ಅವನ ಹೂವಿಗೆ ನಾನು ಗಂಜಿ ಹಚ್ಚಿದ್ದೆ."

ನನಗೆ ಮೊದಲಿಗೆ ಅರ್ಥವೇ ಆಗಲಿಲ್ಲ. ಹರಿದ ಎಳೆ ಕೂಡಿಸಲು ಮಗ್ಗದ ಪಕ್ಕ ಒಂದು ಬಟ್ಟಲಲ್ಲಿ ಅನ್ನದ ಗಂಜಿ ಇರುತ್ತಿತ್ತು. ಅದನ್ನು ಬೆರಳಲ್ಲಿ ತೆಗೆದು ಎಸಳಿನ ಹಿಂದೆ ಸವರಿದ್ದಳು. ಇನ್ನೊಂದನ್ನು ಬರಿ ನೀರಿನಲ್ಲಿ ಅದ್ದಿದ್ದಳು. ವಾರವಿಡೀ ಓಣಿಯ ಹೆಂಗಸರು ಕೈ ಮುಗಿದದ್ದು ಗಂಜಿಗೆ.

ನಾನೇ ಅವಳಿಗೊಂದು ದಾರಿ ಮಾಡಿಕೊಟ್ಟೆ. ಅದನ್ನು ಹಿಡಿದುಕೊಳ್ಳಲಿ ಎಂದು ಒಳಗೊಳಗೇ ಬೇಡಿಕೊಂಡೆ ಕೂಡ.

"ನನ್ನ ಅಂಚು ಸಡಿಲ ಅಂತಲೇನವ್ವ? ಮಗ್ಗ ನಿಂತೋಗ್ತೈತೆ ಅಂತ?"

"ಅಂಚಿಗೇನು, ನೀನೂ ಕಲೀತಿದ್ದೆ." ಸೆರಗಿನ ತುದಿಯನ್ನು ಬೆರಳಲ್ಲಿ ನೀವಿದಳು. "ಅವನು ಕಣ್ಮುಂದೆ ಇಲ್ದೆ ನಂಗೆ ಆಗ್ತಿರಲಿಲ್ಲ ತಿಪ್ಪ. ನೀನು ಹೋದ್ರೆ ಹೆಂಗೋ ತಡ್ಕಂತೀನಿ ಅನ್ನಿಸ್ತು."

ಇದನ್ನು ಅವಳು ನನ್ನನ್ನು ನೋಯಿಸಲು ಹೇಳಲಿಲ್ಲ. ಮಳೆ ಬಿಸಿಲಿನ ಸುದ್ದಿ ಹೇಳಿದಂತೆ ಹೇಳಿದಳು. ಅಷ್ಟೂ ವರ್ಷ ಯಾರೋ ನನ್ನನ್ನು ಆರಿಸಿದರೆಂದು ತಿಳಿದು ನಾನು ಎದೆಯುಬ್ಬಿಸಿ ಆಡಿದ್ದೆ. ಆರಿಸಿದ್ದು ಅಣ್ಣನನ್ನು. ನನ್ನನ್ನು ಕಳಿಸಿದ್ದು ನಾನಿಲ್ಲದಿದ್ದರೂ ನಡೆಯುತ್ತದೆ ಎಂದು. ಕೈ ತಾನಾಗಿಯೇ ಎಡಭುಜಕ್ಕೆ ಹೋಗಿತ್ತು. ಇಳಿಸಿದೆ.

"ಅಣ್ಣನಿಗೆ ಗೊತ್ತಿತ್ತಾ?"

"ಮಾರನೇ ದಿನಾನೇ. ಬೆಳಗ್ಗೆ ಎದ್ದು ಹೂ ತೆಗ್ಯಾಕೆ ಹೋದ. ಎಳೆದ್ರೆ ಬರ್ಲಿಲ್ಲ, ಬೆರಳಿಗೆ ಅಂಟ್ತು. ಬೆರಳು ಮೂಸಿ ನೋಡ್ದ. ನಾನು ಇಲ್ಲೇ ಬಾಗಿಲಾಗೆ ನಿಂತಿದ್ದೆ. ನನ್ನ ಮುಖ ನೋಡ್ದ."

"ಏನಂದ?"

"ಹೂವನ್ನ ಹಂಗೇ ಒತ್ತಿ ಕೂರಿಸ್ದ. ತಮ್ಮಂಗೆ ಹೇಳಬ್ಯಾಡ ಅಂದ, ಗುಂಡಿಗೆ ಇಳಿದ."

ಚಳ್ಳಕೆರೆಯ ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಬೂಟಿನ ದಾರ ಕಟ್ಟಿದವನ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾದದ್ದು ಬಗ್ಗಿದ ತಲೆ ಮಾತ್ರ. ತಾಯಿ ಕೊಟ್ಟ ಜಾಗ ಎಂದು ಹೇಳುವಾಗ ಅವನು ಮುಖ ಎತ್ತಿರಲಿಲ್ಲ.

ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಆ ಹೊತ್ತಿಗೆ ಅವ್ವ ಎದ್ದಳು. ಒಲೆಯ ಬೂದಿ ಕೆದಕಿ ಎಣ್ಣೆಯ ಬಟ್ಟಲನ್ನು ಬಿಸಿಗಿಟ್ಟಳು. ಏನು ಮಾಡುತ್ತಿದ್ದಾಳೆಂದು ಅವಳಿಗೇ ತಿಳಿದಿತ್ತೋ ಇಲ್ಲವೋ. ಬಟ್ಟಲು ತಂದು ನನ್ನ ಕೆಳಗಿನ ಮೆಟ್ಟಿಲಲ್ಲಿ ಕೂತು, ತೊಡೆ ತಟ್ಟಿದಳು. ನನ್ನ ಬಲ ಮಂಡಿ ಬಸ್ಸಿನಲ್ಲಿ ಕೂತು, ಕಾರ್ಯದಲ್ಲಿ ಕೂತು ಅವತ್ತು ಬೆಂಕಿಯಾಗಿತ್ತು. ಪಂಚೆ ಮೇಲೆತ್ತಿ ಆ ಕಾಲನ್ನು ಅವಳ ತೊಡೆಯ ಮೇಲಿಟ್ಟೆ. ಅವ್ವ ನನ್ನ ಕಾಲನ್ನು ಕೈಯಲ್ಲಿ ಹಿಡಿದದ್ದು ನನಗೆ ಬುದ್ಧಿ ಬಂದಮೇಲೆ ಅದೇ ಮೊದಲು. ಎಣ್ಣೆ ಅದ್ದಿದ ಅಂಗೈ ಮಂಡಿಯ ಮೇಲೆ ಒಂದು ಸುತ್ತು ತಿರುಗಿತು, ನಿಂತಿತು. ಗಾಯದ ಗುರುತನ್ನು ಬೆರಳಲ್ಲಿ ತಡವಿ ನೋಡಿದಳು.

"ಇದಲ್ಲ," ಅಂದಳು. "ಎಡಗಾಲು ಕೊಡು."

ನನ್ನ ಎಡಗಾಲಿಗೆ ಯಾವ ನೋವೂ ಇರಲಿಲ್ಲ. ಬಲಗಾಲು ಇಳಿಸಿ, ಅದನ್ನು ಚಾಚಿದೆ.